ಊರಂಚಿನ ಬಡಾವಣೆಗೆ ಮನೆ ಬದಲಿಸುವವರಿಗೆ: ಬ್ರಾಡ್‌ಬ್ಯಾಂಡ್ ಮತ್ತು ಫೋನ್ ಆರಿಸುವ ಬಗೆ

ಬೆಂಗಳೂರಿನ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇರುವವರಿಗೆ ಮನೆಯ ಇಂಟರ್ನೆಟ್ ಆರಿಸುವುದೆಂದರೆ ಯಾವ ಕಂಪನಿಯ ಪ್ಲಾನ್ ಅಗ್ಗ ಎಂದು ನೋಡುವುದಷ್ಟೇ, ಏಕೆಂದರೆ ಅಲ್ಲಿನ ಒಂದೊಂದು ಬೀದಿಯಲ್ಲೂ ನಾಲ್ಕೈದು ಕಂಪನಿಗಳ ಕೇಬಲ್ ಹಾದುಹೋಗಿರುತ್ತದೆ. ಅದೇ ಕುಟುಂಬ ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ ಕಗ್ಗಲೀಪುರದ ಕಡೆಗೋ, ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಆಚೆಗೋ, ಬಾಗಲೂರು, ಬೂದಿಗೆರೆ, ಆನೇಕಲ್ ಸುತ್ತಲಿನ ಹೊಸ ಬಡಾವಣೆಗೋ ಹೋದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಅಲ್ಲಿ ಒಂದೋ ಎರಡೋ ಕಂಪನಿಗಳು ಬಂದಿರುತ್ತವೆ, ಫೋನಿಗೆ ಟವರ್ ಸಿಕ್ಕರೆ ಮನೆಯ ಮುಂಭಾಗದಲ್ಲಿ ಸಿಗುತ್ತದೆ, ಹಿಂದಿನ ಕೋಣೆಯಲ್ಲಿ ಸಿಗುವುದಿಲ್ಲ. ಇಂಥ ಕಡೆ ಸೇವೆ ಚೆನ್ನಾಗಿರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮುಖ್ಯ ರಸ್ತೆಯಿಂದ ನಿಮ್ಮ ಗೋಡೆಯವರೆಗಿನ ಕೊನೆಯ ಇನ್ನೂರು ಮುನ್ನೂರು ಮೀಟರ್ ಕೇಬಲ್ ಮತ್ತು ಅದು ತುಂಡಾದ ದಿನ ಏಣಿ ಹೊತ್ತು ಬರುವ ಲೈನ್‌ಮನ್. ಜಾಹೀರಾತಿನ ವೇಗ, ಉಚಿತ ಓಟಿಟಿ ಇವೆಲ್ಲ ಅದಾದ ಮೇಲಿನ ಮಾತು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಕನಕಪುರ ರಸ್ತೆಯ ಒಳಗಿನ ಬಡಾವಣೆಯೊಂದರಲ್ಲಿ ಮನೆ ಹಿಡಿಯುವ ಮೊದಲು ಕಂಪನಿಯೊಂದರ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿ ನೋಡಿದ್ದೆ; ಸೇವೆ ಲಭ್ಯ ಎಂದು ಬಂತು. ಆರು ತಿಂಗಳ ಹಣ ಕಟ್ಟಿ, ಸಾಮಾನು ಸಾಗಿಸಿ, ಮರುದಿನ ಬಂದ ತಂತ್ರಜ್ಞನಿಗೆ ಕಾಫಿ ಕೊಟ್ಟೆ. ಅವರು ಬೀದಿಯ ಮೂಲೆಯ ಕಂಬ ಹತ್ತಿ, ಕಪ್ಪು ಡಬ್ಬಿಯ ಮುಚ್ಚಳ ತೆಗೆದು ನೋಡಿ ಇಳಿದು ಬಂದು, "ಸಾರ್, ಬಾಕ್ಸ್ ಏನೋ ಇದೆ, ಆದ್ರೆ ಎಂಟು ಪೋರ್ಟೂ ಫುಲ್ಲು. ಹೊಸ ಬಾಕ್ಸ್ ಹಾಕೋ ತನಕ ಆಗಲ್ಲ" ಎಂದರು. ಪೋರ್ಟ್ ಎಂದರೆ ಒಂದೊಂದು ಮನೆಯ ಕೇಬಲ್ ಸಿಕ್ಕಿಸುವ ಕಿಂಡಿ. ಹೊಸ ಬಾಕ್ಸ್ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನನ್ನ ಹೆಂಡತಿ ಕಚೇರಿಯ ಮೀಟಿಂಗುಗಳನ್ನು ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತು ಮುಗಿಸಬೇಕಾಯಿತು. ಒಂದು ಪಿನ್‌ಕೋಡಿನೊಳಗೆ ಹಲವು ಬಡಾವಣೆಗಳೂ ಹಳ್ಳಿಗಳೂ ಸೇರಿರುತ್ತವೆ. ಅವುಗಳಲ್ಲಿ ಯಾವುದೋ ಒಂದು ಬೀದಿಗೆ ಕೇಬಲ್ ಬಂದಿದ್ದರೂ ಆ್ಯಪ್ ಲಭ್ಯ ಎನ್ನಬಹುದು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಮುಂಗಡ ಕೊಡುವ ಮೊದಲು ಬೀದಿಯಲ್ಲಿ ನಡೆಯಿರಿ

ಮನೆ ನೋಡಲು ಹೋದಾಗ ನೀರು, ಪಾರ್ಕಿಂಗ್ ವಿಚಾರಿಸುವಂತೆಯೇ ಕತ್ತೆತ್ತಿ ಕಂಬಗಳನ್ನೂ ನೋಡಬೇಕು. ಬೆಂಗಳೂರಿನ ಹೊರಭಾಗದಲ್ಲಿ ಬಹುಪಾಲು ಇಂಟರ್ನೆಟ್ ಕೇಬಲ್ ನೆಲದೊಳಗೆ ಇರುವುದಿಲ್ಲ; ಬೆಸ್ಕಾಂ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಮಹಡಿಯ ಕಂಬಿಗೆ ಜೋಲಾಡುತ್ತ ಸಾಗುತ್ತದೆ. ನಿಮ್ಮ ಮನೆಯ ಹತ್ತಿರದ ಕಂಬದಲ್ಲಿ ಸುರುಳಿ ಸುತ್ತಿದ ತೆಳು ಕಪ್ಪು ಕೇಬಲ್ಲೂ ಅಂಗೈ ಅಗಲದ ಡಬ್ಬಿಯೂ ಕಂಡರೆ ಅಲ್ಲಿಗೆ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ಸಾಗಿಸುವ ಗಾಜಿನ ಎಳೆ, ಬಂದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಡಬ್ಬಿಯ ಮೇಲೆ ಅನೇಕ ಸಲ ಕಂಪನಿಯ ಹೆಸರೋ ಸ್ಥಳೀಯ ಆಪರೇಟರಿನ ಫೋನ್ ಸಂಖ್ಯೆಯೋ ಇರುತ್ತದೆ. ಅದನ್ನು ಫೋಟೋ ತೆಗೆದುಕೊಳ್ಳಿ.

ಆಮೇಲೆ ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ಮಾತನಾಡಿಸಿ. "ನೆಟ್ ಚೆನ್ನಾಗಿದೆಯಾ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಪೂರ್ತಿ ನಿಂತಿತ್ತು, ನಿಂತಾಗ ಸರಿಯಾಗಲು ಎಷ್ಟು ದಿನ ಹಿಡಿಯಿತು, ರಿಪೇರಿಗೆ ಕಾಲ್ ಸೆಂಟರಿಗೆ ಫೋನ್ ಮಾಡುತ್ತೀರೋ ನೇರವಾಗಿ ಹುಡುಗನಿಗೆ ಮಾಡುತ್ತೀರೋ, ರಾತ್ರಿ ಒಂಬತ್ತರ ಹೊತ್ತಿಗೆ ವಿಡಿಯೊ ನಿಂತು ನಿಂತು ಬರುತ್ತದೆಯೋ ಎಂದು ಬಿಡಿಸಿ ಕೇಳಿ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದು, ರಸ್ತೆ ಅಗೆಯುವಾಗ ಜೆಸಿಬಿ ಹಲ್ಲಿಗೆ ಕೇಬಲ್ ಸಿಗುವುದು, ಅಳಿಲು ಕಡಿಯುವುದು ಇವು ಮೂರೂ ಈ ಭಾಗದಲ್ಲಿ ಮಾಮೂಲು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಕಾವೇರಿ ನೀರಿನ ಮತ್ತು ಒಳಚರಂಡಿಯ ಪೈಪುಗಳಿಗಾಗಿ ರಸ್ತೆಗಳನ್ನು ಅಗೆದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಅಂಥ ಕೆಲಸ ಇನ್ನೂ ಬಾಕಿ ಇದೆಯೇ ಎಂದು ಮೂಲೆಯ ಅಂಗಡಿಯವರನ್ನು ಕೇಳಿದರೆ ಸಾಕು, ಹೇಳುತ್ತಾರೆ.

ಕಡೆಗೆ ಕಂಪನಿಯವರನ್ನೇ ಕರೆಸಿ. ಹಣ ಕಟ್ಟುವ ಮೊದಲು ತಂತ್ರಜ್ಞರು ಬಂದು ಮನೆಗೆ ಸಂಪರ್ಕ ಸಾಧ್ಯವೇ, ಡಬ್ಬಿಯಲ್ಲಿ ಖಾಲಿ ಪೋರ್ಟ್ ಇದೆಯೇ ಎಂದು ನೋಡಿ ಹೋಗಲಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಖಾಲಿ ಪೋರ್ಟಿನ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ, ಬಾಯಿಮಾತನ್ನು ನೆಚ್ಚಬೇಡಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆಯನ್ನು ಅದೇ ದಿನ ಪಡೆಯಿರಿ. ಅಪಾರ್ಟ್‌ಮೆಂಟ್ ಆದರೆ ಬಿಲ್ಡರ್ ಅಥವಾ ಸಂಘ ಒಂದೇ ಕಂಪನಿಗೆ ಜಾಗ ಕೊಟ್ಟಿದೆಯೇ, ಬೇರೆಯವರಿಗೆ ಕೇಬಲ್ ಎಳೆಯಲು ಡಕ್ಟ್ (ಕಟ್ಟಡದೊಳಗೆ ಕೇಬಲ್ ಹಾಯುವ ಹಾದಿ) ತೆರೆದಿದೆಯೇ ಎಂದು ಸಂಘದ ಕಾರ್ಯದರ್ಶಿಯವರಿಂದ ಲಿಖಿತವಾಗಿ ತಿಳಿಯಬೇಕು. ಕಟ್ಟಡಗಳಿಗೆ ಅವುಗಳ ಡಿಜಿಟಲ್ ಸಂಪರ್ಕದ ಗುಣ ನೋಡಿ ಶ್ರೇಯಾಂಕ ಕೊಡುವ ನಿಯಮಾವಳಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದೆ. ಹೊಸ ಫ್ಲಾಟ್ ಕೊಳ್ಳುವವರು ಬಿಲ್ಡರ್ ಬಳಿ ಆ ಶ್ರೇಯಾಂಕ ಪಡೆದಿದ್ದೀರಾ ಎಂದು ಕೇಳಲು ಈಗ ಆಧಾರವಿದೆ.

ಬರುವ ಸಂಪರ್ಕ ಯಾವ ಬಗೆಯದು

ಎಲ್ಲರೂ ಫೈಬರ್ ಎನ್ನುತ್ತಾರೆ, ಆದರೆ ಆ ಹೆಸರಿನಲ್ಲಿ ಮನೆಯೊಳಗೆ ಬರುವುದು ಎರಡು ಬಗೆಯದು. ಒಂದು, ಗಾಜಿನ ಎಳೆಯೇ ನಿಮ್ಮ ಮನೆಯವರೆಗೆ ಬಂದು ಅದರ ಬೆಳಕನ್ನು ಇಂಟರ್ನೆಟ್ ಸಿಗ್ನಲ್ ಆಗಿ ಬದಲಿಸುವ ಓಎನ್‌ಯು ಎಂಬ ಪೆಟ್ಟಿಗೆಗೆ ಸೇರುವುದು. ಇನ್ನೊಂದು, ಫೈಬರ್ ಬೀದಿಯಲ್ಲೋ ಯಾರದೋ ತಾರಸಿಯಲ್ಲೋ ನಿಂತು, ಅಲ್ಲಿನ ಸ್ವಿಚ್‌ನಿಂದ (ಸಂಪರ್ಕವನ್ನು ಹಲವು ಮನೆಗಳಿಗೆ ಹಂಚುವ ಪೆಟ್ಟಿಗೆ) ತಾಮ್ರದ ಮಾಮೂಲಿ ಲ್ಯಾನ್ ವೈರಿನಲ್ಲಿ ನಿಮ್ಮ ಮನೆಗೆ ಬರುವುದು. ಎರಡರ ವ್ಯತ್ಯಾಸ ಕರೆಂಟು ಹೋದಾಗ ತಿಳಿಯುತ್ತದೆ. ಮೊದಲನೆಯದರಲ್ಲಿ ಕಂಬದ ಡಬ್ಬಿಯೊಳಗಿನ ಸ್ಪ್ಲಿಟರ್ ಬೆಳಕನ್ನು ಹಂಚುವ ಗಾಜಿನ ಸಾಧನವಷ್ಟೇ, ಅದಕ್ಕೆ ವಿದ್ಯುತ್ ಬೇಕಿಲ್ಲ. ಆಪರೇಟರಿನ ಕೇಂದ್ರದಲ್ಲೂ ನಿಮ್ಮ ಮನೆಯಲ್ಲೂ ಬ್ಯಾಟರಿ ಇದ್ದರೆ ಬೀದಿಯೆಲ್ಲ ಕತ್ತಲಾದರೂ ಇಂಟರ್ನೆಟ್ ಓಡುತ್ತದೆ. ಎರಡನೆಯದರಲ್ಲಿ ಆ ತಾರಸಿಯ ಸ್ವಿಚ್‌ಗೆ ಕರೆಂಟು ಹೋದರೆ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಲ್ಯಾನ್ ವೈರು ನೂರು ಮೀಟರ್ ದಾಟಿದರೆ ನೆಚ್ಚುವಂತಿಲ್ಲ, ಸಿಡಿಲಿನ ಹೊತ್ತಿನಲ್ಲಿ ತಾಮ್ರದ ವೈರಿನ ಮೂಲಕ ರೂಟರ್ ಸುಟ್ಟುಹೋಗುವ ಅಪಾಯವೂ ಹೆಚ್ಚು. ಹಾಗಾಗಿ "ಮನೆಯೊಳಗಿನ ತನಕ ಗ್ಲಾಸ್ ಫೈಬರ್ರೇ ಬರುತ್ತಾ, ಇಲ್ಲ ಲ್ಯಾನ್ ವೈರಾ?" ಎಂಬ ಒಂದು ಪ್ರಶ್ನೆ ಕೇಳಿಬಿಡಿ.

ಫೈಬರ್ ಜೋಡಿಸುವ ದಿನ ತಂತ್ರಜ್ಞರ ಬಳಿ ಪವರ್ ಮೀಟರ್ ಎಂಬ ಕೈಯಳತೆಯ ಉಪಕರಣ ಇರುತ್ತದೆ. ಗೋಡೆಗೆ ಬಂದ ಎಳೆಯ ತುದಿಯನ್ನು ಅದಕ್ಕೆ ಸಿಕ್ಕಿಸಿದಾಗ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್‌ನಲ್ಲಿ ಒಂದು ಅಂಕಿಯಾಗಿ ತೋರಿಸುತ್ತದೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ಮೈನಸ್ 15ರಿಂದ ಮೈನಸ್ 23 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಸಂಪರ್ಕ ಇವತ್ತು ನಡೆದರೂ, ಎಲ್ಲೋ ಒಂದು ಜೋಡಣೆ ಸ್ವಲ್ಪ ಹಾಳಾದ ದಿನ ನಿಲ್ಲುತ್ತದೆ. ಜೋಡಣೆಯನ್ನು ಮತ್ತೆ ಮಾಡಿಸಿ ಅಂಕಿ ಸರಿಹೋದ ಮೇಲೆಯೇ ಅವರನ್ನು ಕಳಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಎಂದಾದರೂ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಹೊತ್ತಿಕೊಂಡರೆ ಬೆಳಕು ಮನೆಗೆ ತಲುಪುತ್ತಿಲ್ಲ ಎಂದೇ ಅರ್ಥ. ಆಗ ರೂಟರನ್ನು ಹತ್ತು ಸಲ ಆಫ್ ಆನ್ ಮಾಡಿ ಫಲವಿಲ್ಲ, ಕೇಬಲ್ ನೋಡಲು ಜನ ಬರಬೇಕು. ದೂರು ಕೊಡುವಾಗ ಈ ಮಾತನ್ನೇ ಮೊದಲು ಹೇಳಿದರೆ ಕಾಲ್ ಸೆಂಟರಿನ ಅರ್ಧ ಗಂಟೆ ಉಳಿಯುತ್ತದೆ.

ಖಾಸಗಿ ಫೈಬರ್ ಬಾರದ ಕಡೆಗಳಲ್ಲಿ ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್ ಇದೆಯೇ ಎಂದು ಮರೆಯದೆ ವಿಚಾರಿಸಬೇಕು. ಹಲವು ಕಡೆ ಇದನ್ನು ಮನೆಗೆ ತಲುಪಿಸುವವರು ಆದಾಯ ಹಂಚಿಕೆಯ ಆಧಾರದ ಮೇಲೆ ಕೆಲಸ ಮಾಡುವ ಸ್ಥಳೀಯ ಪಾಲುದಾರರು, ಎಷ್ಟೋ ಸಲ ಆ ಊರಿನ ಹಳೆಯ ಕೇಬಲ್ ಟಿವಿ ಆಪರೇಟರ್. ಆದ್ದರಿಂದ ಒಂದು ಹಳ್ಳಿಯಲ್ಲಿ ಅದು ಬಹಳ ಚೆನ್ನಾಗಿದ್ದು ಪಕ್ಕದ ಹಳ್ಳಿಯಲ್ಲಿ ಕಷ್ಟವೆನಿಸಬಹುದು. ಇಲ್ಲಿ ನಿಮ್ಮ ವಿಚಾರಣೆ ಆ ವ್ಯಕ್ತಿಯ ಬಗ್ಗೆ ಇರಲಿ. ಬಡಾವಣೆಯಲ್ಲೇ ವಾಸವಿದ್ದು, ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರವನ್ನು ತನ್ನದೇ ಆಗಿ ಇಟ್ಟುಕೊಂಡಿರುವ ಆಪರೇಟರ್ ಸಿಕ್ಕರೆ, ಪ್ಲಾನ್ ನೂರು ರೂಪಾಯಿ ಹೆಚ್ಚಾದರೂ ನಾನು ಅವರನ್ನೇ ಆರಿಸುತ್ತೇನೆ.

ಯಾವ ಕೇಬಲ್ಲೂ ಇಲ್ಲದ ಕಡೆ ಉಳಿಯುವುದು ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದ್ದರೂ ಇದು ತಾರಸಿಯ ಮೇಲೆ ಪೆಟ್ಟಿಗೆಯೊಂದನ್ನು ನಿಲ್ಲಿಸಿ 5ಜಿ ಗೋಪುರದಿಂದ ಸಿಗ್ನಲ್ ಪಡೆಯುವ ವ್ಯವಸ್ಥೆ. ಏರ್‌ಟೆಲ್ ಮತ್ತು ಜಿಯೊ ಎರಡೂ 2023ರಲ್ಲಿ ಇದನ್ನು ಆರಂಭಿಸಿದವು. ಜಿಯೊ ಮೊದಲು ಆರಂಭಿಸಿದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಕಂಬ, ಮರ, ಜೆಸಿಬಿಯ ಕಾಟ ಇದಕ್ಕಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಗೋಪುರದ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಫೋನುಗಳೂ ಹಂಚಿಕೊಳ್ಳುವುದರಿಂದ ಸಂಜೆಯ ವೇಗ ಬೆಳಗಿನದಕ್ಕಿಂತ ಕಡಿಮೆ ಇರಬಹುದು, ಎದುರಿಗೆ ನಾಲ್ಕು ಅಂತಸ್ತಿನ ಕಟ್ಟಡ ಎದ್ದರೆ ಸಿಗ್ನಲ್ ಕುಗ್ಗಬಹುದು. ತಿಂಗಳ ಡೇಟಾ ಮಿತಿಯೂ ಸಾಮಾನ್ಯವಾಗಿ ಫೈಬರ್‌ಗಿಂತ ಚಿಕ್ಕದು. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ನುಂಗುತ್ತದೆ. ಮನೆಯಲ್ಲಿ ದಿನಕ್ಕೆ ಆರು ಗಂಟೆ ನೋಡಿದರೂ ತಿಂಗಳಿಗೆ 540 ಜಿಬಿ. ಇದರ ಮೇಲೆ ಇಬ್ಬರ ಕಚೇರಿ ಕೆಲಸವನ್ನು ಕೂಡಿಸಿ, ಮಿತಿ ಸಾಲುತ್ತದೆಯೇ ನೋಡಿ. ಏರ್‌ಫೈಬರ್ ಹಾಕಿಸುವುದಾದರೆ ಮೊದಲ ತಿಂಗಳು ಮಾತ್ರದ ಹಣ ಕಟ್ಟಿ, ರಾತ್ರಿ ಎಂಟರಿಂದ ಹತ್ತರವರೆಗೆ ಒಂದು ವಾರ ವೇಗ ಅಳೆದು ಬರೆದಿಡಿ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಬಿಪಿಎಸ್ ಎಂಬುದು ಬಿಟ್‌ಗಳ ಲೆಕ್ಕ, ಎಂಟು ಬಿಟ್ ಸೇರಿ ಒಂದು ಬೈಟ್. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಒಂದು ಎಚ್‌ಡಿ ವಿಡಿಯೊ ಕರೆಗೆ ಎರಡೂ ದಿಕ್ಕಿನಲ್ಲಿ ನಾಲ್ಕು ಎಂಬಿಪಿಎಸ್ ಇದ್ದರೆ ಸಾಕು, ಆದ್ದರಿಂದ ನಾಲ್ಕು ಜನರ ಮನೆಗೆ ಅಲುಗಾಡದ 50 ಎಂಬಿಪಿಎಸ್, ಆಗಾಗ ಬಿದ್ದುಹೋಗುವ 300ಕ್ಕಿಂತ ಎಷ್ಟೋ ಮೇಲು. ಅಪ್‌ಲೋಡ್ ವೇಗ ಎಷ್ಟು ಎಂದು ಪ್ರತ್ಯೇಕವಾಗಿ ಕೇಳಿ.

ಫೋನ್: ಒಳಕೋಣೆಯಲ್ಲಿ ನಿಂತು ಅಳೆಯಿರಿ

ಮನೆ ನೋಡಲು ಹೋದಾಗ ಗೇಟಿನ ಬಳಿ ನಿಂತು ಫೋನಿನ ಕಡ್ಡಿ ಎಣಿಸುವುದು ಅಳತೆಯಲ್ಲ. ಕಾಂಕ್ರೀಟ್ ಗೋಡೆ, ಸ್ಲ್ಯಾಬು, ಕಬ್ಬಿಣದ ಗ್ರಿಲ್ಲು ಎಲ್ಲವೂ ಸಿಗ್ನಲನ್ನು ತಿನ್ನುತ್ತವೆ. ನೆಲಮಹಡಿಯ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದ ಕೆಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂನಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಚಿಂತೆಯಿಲ್ಲ, ಮೈನಸ್ 105ರ ಸುತ್ತ ಕರೆ ನಡೆದರೂ ಡೇಟಾ ಕುಂಟುತ್ತದೆ, ಮೈನಸ್ 115 ದಾಟಿದರೆ ಕರೆಯೇ ಕಡಿದುಹೋಗುತ್ತದೆ. ಸಾಧ್ಯವಾದರೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಸ್ನೇಹಿತರನ್ನು ಕರೆದೊಯ್ಯಿರಿ. ಹೋಗುವ ಮೊದಲು ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ಹಾಕಿರುವ ವ್ಯಾಪ್ತಿ ನಕ್ಷೆಗಳನ್ನೂ, ನಿಮ್ಮ ಸುತ್ತ ಯಾವ ಗೋಪುರ ಯಾರದು ಎಂದು ತೋರಿಸುವ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣವನ್ನೂ ನೋಡಬಹುದು. ಆದರೂ ಒಳಕೋಣೆಯ ಅಳತೆಯ ಜಾಗವನ್ನು ನಕ್ಷೆ ತುಂಬುವುದಿಲ್ಲ.

ಹೊರಗೆ ಸಿಗ್ನಲ್ ಇದ್ದು ಒಳಗೆ ಇಲ್ಲದ ಮನೆಗಳಿಗೆ ವೈಫೈ ಕಾಲಿಂಗ್, ಅಂದರೆ ಗೋಪುರದ ಬದಲು ಮನೆಯ ವೈಫೈ ಮೂಲಕ ಕರೆ ಸಾಗಿಸುವುದು, ಒಳ್ಳೆಯ ಪರಿಹಾರ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಆರಂಭಿಸಿದವು. ಯಾವ ಕಂಪನಿಯ ಬ್ರಾಡ್‌ಬ್ಯಾಂಡ್ ಇದ್ದರೂ ನಡೆಯುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆನ್ ಮಾಡಿದರಾಯಿತು. ಆನ್ ಮಾಡಿದ ಮೇಲೆ ಬ್ಯಾಂಕಿನ ಓಟಿಪಿ ಒಳಕೋಣೆಯಲ್ಲೂ ಬರುತ್ತದೆಯೇ ಎಂದು ಪರೀಕ್ಷಿಸಿ. ಕರೆ ಬಂದು ಓಟಿಪಿ ಬಾರದಿರುವ ಫೋನುಗಳನ್ನು ನಾನು ಕಂಡಿದ್ದೇನೆ.

ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ (PORT) ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಒಂದು ಸಂಕೇತ ಬರುತ್ತದೆ. ಅದು ಕರ್ನಾಟಕದಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು, ಸಿಮ್ ಬದಲಿಸಿ ಏಳು ದಿನ ಆಗಿರಬೇಕು. ಒಂದೇ ದೂರಸಂಪರ್ಕ ವಲಯದೊಳಗೆ (ನಮಗೆ ಅದು ಕರ್ನಾಟಕ) ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ಆದರೆ ಬಂದ ವಾರವೇ ಮುಖ್ಯ ಸಂಖ್ಯೆಯನ್ನು ಬದಲಿಸಬೇಡಿ. ಮತ್ತೆ ಬದಲಿಸಬೇಕೆಂದರೆ 90 ದಿನ ಕಾಯಬೇಕಾಗುತ್ತದೆ. ಮೊದಲು ಹೊಸ ಕಂಪನಿಯ ಒಂದು ಪ್ರೀಪೇಯ್ಡ್ ಸಿಮ್ಮನ್ನು ಫೋನಿನ ಎರಡನೇ ಜಾಗದಲ್ಲಿ ಹಾಕಿ ಒಂದು ತಿಂಗಳು ಬಳಸಿ ನೋಡಿ.

ಎರಡನೇ ಸಿಮ್ಮನ್ನು ಆಪತ್ತಿಗೆಂದು ಇಟ್ಟುಕೊಳ್ಳುವಾಗ ಒಂದು ಸೂಕ್ಷ್ಮವಿದೆ. ನಗರದ ಅಂಚಿನಲ್ಲಿ ಎಷ್ಟೋ ಸಲ ಎರಡು ಕಂಪನಿಗಳು ಒಂದೇ ಗೋಪುರದ ಮೇಲೆ ತಮ್ಮ ಉಪಕರಣ ಇಟ್ಟಿರುತ್ತವೆ. ಕರೆಂಟು ಗಂಟೆಗಟ್ಟಲೆ ಹೋಗಿ ಆ ಗೋಪುರದ ಬ್ಯಾಟರಿ ಮುಗಿದರೆ ಎರಡೂ ಸಿಮ್ ಒಟ್ಟಿಗೇ ಸತ್ತಂತೆ. ಹಾಗೆಯೇ ಬ್ರಾಡ್‌ಬ್ಯಾಂಡೂ ಸಿಮ್ಮೂ ಒಂದೇ ಕಂಪನಿಯದಾದರೆ, ಮುಖ್ಯ ರಸ್ತೆಯ ಒಂದೇ ಕೇಬಲ್ ತುಂಡಾಗಿ ಎರಡೂ ನಿಲ್ಲುವ ಸಂಭವವಿದೆ, ಏಕೆಂದರೆ ಗೋಪುರಗಳಿಗೂ ಫೈಬರಿನಿಂದಲೇ ಸಂಪರ್ಕ ಇರಬಹುದು. ಬ್ರಾಡ್‌ಬ್ಯಾಂಡ್ ಒಬ್ಬರದು, ಮುಖ್ಯ ಸಿಮ್ ಇನ್ನೊಬ್ಬರದು ಇರಲಿ. ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ರಿಯಾಯಿತಿಗೆ ನಗರದೊಳಗೆ ಒಪ್ಪಬಹುದು, ಇಲ್ಲಿ ಒಪ್ಪಬೇಡಿ.

ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನನ್ನು ಪ್ರತ್ಯೇಕವಾಗಿ ಯೋಚಿಸಬೇಕು. ಡೇಟಾ ಬೇಡದವರಿಗಾಗಿ ಕರೆ ಮತ್ತು ಸಂದೇಶ ಮಾತ್ರದ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ವರ್ಷಪೂರ್ತಿಯ ಪ್ಯಾಕ್ ಹಾಕಿಸಿಬಿಟ್ಟರೆ ನಡುವೆ ರೀಚಾರ್ಜ್ ಮುಗಿದು ಫೋನ್ ಮೌನವಾಗುವ ಭಯವಿಲ್ಲ. ಹಿಂದಿನ ತಾಮ್ರದ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಮನೆಯಲ್ಲಿ ಕರೆಂಟು ಹೋದರೂ ಅದು ಮೊಳಗುತ್ತಿತ್ತು. ಈಗ ಫೈಬರ್ ಜೊತೆ ಕೊಡುವ 080 ಸಂಖ್ಯೆಯ ಫೋನ್ ಹಾಗಲ್ಲ. ಓಎನ್‌ಯು ಆರಿದರೆ ಅದೂ ಆರುತ್ತದೆ. ಅಪ್ಪ ಅಮ್ಮ ಹಳೆಯ ನಂಬಿಕೆಯಲ್ಲೇ ಇರುತ್ತಾರೆ, ಅವರಿಗೆ ಇದನ್ನು ಕುಳಿತು ತಿಳಿಸಬೇಕು. ಅವರ ಫೋನಿನಿಂದ 112ಕ್ಕೆ ಕರೆ ಮಾಡುವುದು ಹೇಗೆಂದು ತೋರಿಸಿ, ಮನೆಯಲ್ಲಿ ಸಿಗ್ನಲ್ ಖಚಿತವಾಗಿ ಸಿಗುವ ಜಾಗ ಯಾವುದೆಂದು ಹೇಳಿ.

ಕರೆಂಟು ಮತ್ತು ಹಣ

ಓಎನ್‌ಯು ಮತ್ತು ರೂಟರ್ ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವುದರಿಂದ, ಅಂಗೈಯಗಲದ ಮಿನಿ ಯುಪಿಎಸ್ ಒಂದನ್ನು ಅಳವಡಿಸಿದರೆ ಎರಡು ಮೂರು ಗಂಟೆ ನಿಭಾಯಿಸಬಹುದು. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರನ್ನು ನೋಡಿಕೊಂಡೇ ಕೊಳ್ಳಿ. ಇನ್ವರ್ಟರ್ ಇರುವವರು ರೂಟರಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯೇ ನೋಡಿದರೆ ಸಾಕು. ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗಿಗೆ ಮೊದಲೇ ತಾರಸಿಯಿಂದ ಹಾಲ್‌ಗೂ, ಹಾಲ್‌ನಿಂದ ಪ್ರತಿ ಮಹಡಿಗೂ ಇಂಟರ್ನೆಟ್ ಕೇಬಲ್ಲಿಗೆಂದು ಒಂದೊಂದು ಖಾಲಿ ಪೈಪ್ ಹಾಕಿಸಿ. ಕರೆಂಟಿನ ಪೈಪಿನೊಳಗೆ ಆ ಕೇಬಲ್ಲನ್ನು ಸೇರಿಸಬೇಡಿ.

ದರ ಕೇಳುವಾಗ 18 ಶೇಕಡಾ ಜಿಎಸ್‌ಟಿ ಸೇರಿದೆಯೇ ಎಂದು ಕೇಳಬೇಕು: 599 ರೂಪಾಯಿಯ ಪ್ಲಾನಿಗೆ ಕೈಯಿಂದ ಹೋಗುವುದು 707 ರೂಪಾಯಿ. ಅಳವಡಿಕೆ ಶುಲ್ಕ, ರೂಟರಿನ ಠೇವಣಿ, ಬಿಟ್ಟುಹೋಗುವಾಗ ಯಾವುದು ವಾಪಸ್ ಬರುತ್ತದೆ ಎಂಬುದಕ್ಕೆ ರಸೀದಿ ಪಡೆಯಿರಿ. ಆರು ತಿಂಗಳ, ವರ್ಷದ ರಿಯಾಯಿತಿ ಎಷ್ಟೇ ಆಕರ್ಷಕವಾಗಿದ್ದರೂ ಒಂದು ಮಳೆಗಾಲ ಕಳೆಯುವವರೆಗೆ ತಿಂಗಳ ಲೆಕ್ಕದಲ್ಲೇ ಇರಿ. ನಾನು ಆರು ತಿಂಗಳ ಹಣ ಕಟ್ಟಿ ಕಾದದ್ದನ್ನು ಮೇಲೆ ಹೇಳಿದ್ದೇನೆ.

ದೂರು ಕೊಟ್ಟಾಗಲೆಲ್ಲ ದೂರಿನ ಸಂಖ್ಯೆ ಕೇಳಿ ಬರೆದಿಡಿ, ಲೈನ್‌ಮನ್‌ಗೆ ನೇರ ಫೋನ್ ಮಾಡಿದ್ದರೂ ಆ್ಯಪ್‌ನಲ್ಲೂ ದಾಖಲಿಸಿ. ಕಂಪನಿಯ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅಲ್ಲಿಯೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗಕ್ಕೆ ಆನ್‌ಲೈನ್‌ನಲ್ಲಿ ಬರೆಯಬಹುದು. ಒಬ್ಬೊಬ್ಬ ಗ್ರಾಹಕರ ದೂರುಗಳನ್ನು ಟ್ರಾಯ್ ತಾನೇ ಬಗೆಹರಿಸುವುದಿಲ್ಲ.

ಹಳೆಯ ಮನೆಯ ಸಂಪರ್ಕವನ್ನು ಸಾಮಾನು ಸಾಗಿಸುವ ದಿನವೇ ಕಡಿಸಬೇಡಿ. ಹೊಸ ಮನೆಯಲ್ಲಿ ಒಂದು ವಾರ ಎಲ್ಲವೂ ಸರಿಯಾಗಿ ನಡೆದ ಮೇಲೆ ಹಳೆಯ ಕಂಪನಿಗೆ ಬರೆದು ತಿಳಿಸಿ, ಓಎನ್‌ಯು, ರೂಟರ್ ಮತ್ತು ಅಡಾಪ್ಟರುಗಳನ್ನು ಒಟ್ಟಿಗೆ ಹಿಂತಿರುಗಿಸಿ. ತೆಗೆದುಕೊಂಡು ಹೋಗಲು ಬಂದವರಿಂದ ಸಾಧನದ ಸೀರಿಯಲ್ ಸಂಖ್ಯೆ ಬರೆದ ಸ್ವೀಕೃತಿ ಪಡೆದು, ಅವರ ಎದುರಿಗೇ ಅದರ ಫೋಟೋ ತೆಗೆದುಕೊಳ್ಳಿ.